ಗೋರ್ಗಿ ಊಟ ಬಿಟ್ಟ ದಿನಗಳು

ಬಿರಾನ್ ಸಾಯುವ ಹಿಂದಿನ ದಿನ ಆಮೆ ಏನೂ ತಿನ್ನಲಿಲ್ಲ. ನನಗೆ ಖುಷಿಯಾಯಿತು.

ಇದನ್ನು ಹೇಳದೆ ಉಳಿದದ್ದನ್ನು ಹೇಳಲು ಆಗುವುದಿಲ್ಲ. ಅದಕ್ಕೇ ಮೊದಲು ಹೇಳಿದೆ.

ಅವತ್ತು ಬುಧವಾರ. ಚಳಿಗಾಲದ ಒಣಗಾಳಿ ಬೀಸುತ್ತಿತ್ತು. ಬಿರಾನ್ ಗೋಡೆಗೆ ಒರಗಿ ಬಿಸಿಲಿಗೆ ಕೂತಿದ್ದ. ಎಂಟು ದಿನದಿಂದ ಅವನಿಗೆ ಜ್ವರ, ಕೆಮ್ಮು, ಎದೆಯಲ್ಲಿ ಚುಚ್ಚುನೋವು. ಅವತ್ತು ಮೈ ತಣ್ಣಗಿತ್ತು. ಸಜ್ಜೆಯ ನುಚ್ಚಿಗೆ ಹಾಲು ಹಾಕಿ ಕೊಟ್ಟೆ, ಬಟ್ಟಲು ಖಾಲಿ ಮಾಡಿದ. ಕುದುರೆಯ ಹರಿದ ಪಟ್ಟಿಯನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿಯತೊಡಗಿದ. ನಮ್ಮ ಆಮೆ ಗೋರ್ಗಿ ಮೂಲೆಯಲ್ಲಿತ್ತು. ಅದರ ಮುಂದೆ ಹಾಕಿದ ಹಸಿ ಕಡಲೆಬಳ್ಳಿ ಹಾಗೇ ಬಾಡುತ್ತಿತ್ತು.

ಅವನ ಅಕ್ಕ ಯಾಂದೆ ಪಕ್ಕದ ಮನೆಯವಳು. ಗೋಡೆಯ ಮೇಲಿಂದ ಕತ್ತು ಹಾಕಿ ನೋಡಿದಳು.

"ನೋಡಿದ್ಯೇನೇ ದಿಬೋರ್? ಕಾಯಿಲೆ ಎಳ್ಕೊಂಡ್ಬಿಡ್ತು. ಅದು ತಿನ್ನೋದು ಬಿಡ್ತು, ಇವನು ತಿನ್ನೋಕೆ ಶುರು ಮಾಡ್ದ."

ನಮ್ಮ ಕಾವ್ಲಾಕ್ ಊರಲ್ಲಿ ಆಮೆ ಇಲ್ಲದ ಮನೆ ಕಡಿಮೆ. ಮನೆಯವರ ರೋಗ ಅದು ಹೊರುತ್ತದೆ. ಮಗುವಿಗೆ ಉಬ್ಬಸ ಬಂದರೆ ಆಮೆಯ ಪಕ್ಕದಲ್ಲಿ ಮಲಗಿಸುತ್ತಾರೆ. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ, ಕಲಿಸುವಂಥದ್ದು ಎಂದು ಯಾರಿಗೂ ಅನ್ನಿಸಿಯೂ ಇಲ್ಲ. ಬಿರಾನ್‌ಗೆ ಜ್ವರ ಬಂದ ಮೂರನೆಯ ದಿನ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ನಾನು ಹೊರಟಿದ್ದೆ, ಹೊರಗೆ ಹೋಗುವ ಬಟ್ಟೆ ಉಟ್ಟಿದ್ದೆ. ಅವತ್ತೇ ಆಮೆ ಊಟ ಬಿಟ್ಟಿತು. ನಾನು ಆ ಬಟ್ಟೆ ಬಿಚ್ಚಿಟ್ಟೆ.

"ಅದಕ್ಕೆ ಮೈ ಸರಿಯಿಲ್ಲ ಕಣೇ," ಎಂದ ಬಿರಾನ್, ದಾರವನ್ನು ಹಲ್ಲಲ್ಲಿ ಕಡಿದು. "ನಾಳೆ ಗೋರ್ಗೀನ ಡಾಕ್ಟರ್ ಸಾಂಬು ಹತ್ರ ಒಯ್ಯೋಣ."

"ಸುಮ್ನಿರು. ಅದನ್ನ ಅದರ ಪಾಡಿಗೆ ಬಿಡು."

"ನನ್ನ ಕಾಯಿಲೆ ಹೊರೋಕೆ ಅದೇನು ಕತ್ತೆನಾ?"

"ಕತ್ತೆ ನೀನು. ಇಪ್ಪತ್ತು ವರ್ಷದಿಂದ ಉಪ್ಪು ಹೊರ್ತಿದ್ದೀಯ."

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮತ್ತೆ ಹೇಳಿದ: "ನಾಳೆ ಒಯ್ಯೋಣ. ಮರೀಬೇಡ."

ಗುರುವಾರ ಬೆಳಗಿನ ನಮಾಜಿಗೆ ಎಬ್ಬಿಸಿದೆ. ಏಳಲಿಲ್ಲ.

ಬಿರಾನ್ ಉಪ್ಪಿನ ಗಾಡಿ ಹೊಡೆಯುತ್ತಿದ್ದ. ಅವನ ಅಂಗೈ ಬಿರಿದು ಬಿರಿದು ಒಣಗಿದ ಕೆರೆಯ ಹಾಗೆ ಆಗಿತ್ತು. ರಾತ್ರಿ ನಾನು ಅದಕ್ಕೆ ಕಾಡುಮರದ ಬೀಜದ ಬೆಣ್ಣೆ ತಿಕ್ಕುತ್ತಿದ್ದೆ. ಅವನದು ಮಾತು ಕಡಿಮೆ ಎಂದು ಜನ ಹೇಳುತ್ತಾರೆ. ಸುಳ್ಳು. ಪ್ರಾಣಿಗಳ ಹತ್ತಿರ ಇಡೀ ದಿನ ಮಾತಾಡುತ್ತಿದ್ದ. ಯಾರಿಗೂ ಬೇಡದ್ದು ಅವನ ಕಣ್ಣಿಗೇ ಬೀಳುತ್ತಿತ್ತು. ಕುದುರೆ ಕುಂಟು ಎಂದು ಕಸಾಯಿಖಾನೆಗೆ ಹೊರಟದ್ದು. ಒಂದು ಮೇಕೆಗೆ ಮೂರೇ ಕಾಲು. ಮದುವೆಯಾದ ಹೊಸದರಲ್ಲಿ ಯಾಂದೆ ನನಗೆ ಹೇಳಿದ್ದಳು: "ನಿನ್ನನ್ನೂ ಹಂಗೇ ತಂದಿದ್ದಾನೆ, ಬೇಜಾರು ಮಾಡ್ಕೋಬೇಡ." ನಮಗೆ ಮಕ್ಕಳಾಗಲಿಲ್ಲ. ಇನ್ನೊಬ್ಬಳನ್ನು ಮದುವೆಯಾಗು ಎಂದು ಅವಳು ಹೇಳಿದಾಗ ಬಿರಾನ್ ಅವಳ ಎದುರೇ ಎದ್ದು ಕುದುರೆಗೆ ನೀರು ಕುಡಿಸಲು ಹೋದ. ಆ ಮಾತು ಅಲ್ಲಿಗೆ ಮುಗಿಯಿತು.

ಆಮೆ ಸಿಕ್ಕಿದ್ದು ನಾಲ್ಕು ವರ್ಷದ ಹಿಂದೆ, ಲಾರಿ ರಿಪೇರಿಯ ಶೆಡ್ಡಿನಲ್ಲಿ. ಅದರ ಚಿಪ್ಪಿನ ಅಂಚಿಗೆ ತೂತು ಕೊರೆದು, ತಂತಿ ಹಾಕಿ, ಹಳೆಯ ಲಾರಿಯ ಅಚ್ಚಿಗೆ ಕಟ್ಟಿದ್ದರು. ಸುತ್ತಿ ಸುತ್ತಿ ನೆಲದಲ್ಲಿ ಬಂಡಿಯ ಜಾಡಿನ ಹಾಗೆ ಗುಂಡು ಗುರುತು ಬಿದ್ದಿತ್ತು.

"ಅದು ನಮ್ಮ ಶೆಡ್ಡಿನ ಅದೃಷ್ಟ," ಎಂದನಂತೆ ಶೆಡ್ಡಿನವನು.

"ಅದೃಷ್ಟಕ್ಕೆ ತಂತಿ ಯಾಕಪ್ಪ? ಓಡಿಹೋಗ್ತದೆ ಅಂತನಾ?"

ಶೆಡ್ಡಿನ ಹಿಂದಿನ ಗುಜರಿಯ ರಾಶಿಯನ್ನು ಆರು ಸಲ ಗಾಡಿಯಲ್ಲಿ ಸಾಗಿಸಿ ಕೊಟ್ಟು ಆಮೆಯನ್ನು ಬಿಡಿಸಿಕೊಂಡು ಬಂದ. ಅದರ ಮುಖದ ಗತ್ತು ನೋಡಿ ಗೋರ್ಗಿ ಎಂದು ಕರೆದ. ಮನೆಯ ಹಿರಿಯನನ್ನು ನಾವು ಹಾಗೆ ಕರೆಯುವುದು.

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ. ನಾನು ಚಾಪೆಯ ಮೇಲೆ ಕೂತೆ. ಮೂರನೆಯ ದಿನ ಆಯಿತು, ಎಂಟನೆಯ ದಿನ ಆಯಿತು. ಜನ ಬಂದರು, ತಿಂದರು, ಪ್ರಾರ್ಥಿಸಿದರು, ಹೋದರು. ಆಮೆ ಇನ್ನೂ ಏನೂ ತಿಂದಿರಲಿಲ್ಲ. ಜನ ಹೋಗಿ ಮನೆ ಸದ್ದಿಲ್ಲದಾದ ಮೇಲೆ ಆ ಶಬ್ದ ನನಗೆ ಕೇಳಿಸಿತು. ಪರ್. ಪರ್. ಅಂಗಳದ ಮೂಲೆಯಲ್ಲಿ ಗೋರ್ಗಿ ಹಿಂಗಾಲಿನಿಂದ ನೆಲ ಕೆರೆಯುತ್ತಿತ್ತು. ಒಂದು ಕಾಲು, ಆಮೇಲೆ ಇನ್ನೊಂದು. ಉಗುರು ಸವೆದು ರಕ್ತ ಬಂದಿತ್ತು. ಕೆರೆಯುವುದು ನಿಲ್ಲಿಸಿ ಕತ್ತು ಚಾಚಿ ಬಾಯಿ ತೆರೆಯುತ್ತಿತ್ತು. ಮತ್ತೆ ಕೆರೆಯುತ್ತಿತ್ತು.

"ಮುಟ್ಟಬೇಡ," ಎಂದಳು ಯಾಂದೆ.

"ಸಾಯ್ತಾ ಇದೆ ಅಕ್ಕ."

"ಸಾಯ್ಲಿ. ಬಿರಾನ್ ಸಾವಿನಲ್ಲಿ ಅರ್ಧ ಅದರೊಳಗೆ ಉಳ್ಕೊಂಡಿದೆ. ನೀನು ಔಷಧಿ ಹಾಕಿ ಎಬ್ಬಿಸಿದ್ರೆ ಆ ಅರ್ಧ ಎಲ್ಲಿಗೆ ಹೋಗ್ತದೆ? ನಿನ್ನ ಮೇಲೆ ಬಂದ್ರೆ ನಂಗೇನೂ ಇಲ್ಲ. ನನ್ನ ಮೊಮ್ಮಕ್ಕಳು ಇದೇ ಅಂಗಳದಲ್ಲಿ ಆಡ್ತವೆ."

ನಾನು ಅವಳನ್ನು ಬೈಯಲಿಲ್ಲ. ನನಗೂ ಅದೇ ಹೆದರಿಕೆ ಇತ್ತು. ಆದರೆ ನಾಳೆ ಒಯ್ಯೋಣ ಎಂದು ಅವನು ಎರಡು ಸಲ ಹೇಳಿದ್ದ. ಆ ನಾಳೆ ಬಂದು ಹದಿನೈದು ದಿನ ಕಳೆದಿತ್ತು.

ಕುರಿಗಳಿಗೆ ಸೂಜಿ ಚುಚ್ಚುತ್ತ ಬೀದಿ ಸುತ್ತುವವನೊಬ್ಬನನ್ನು ಬಾಗಿಲಿಂದಲೇ ಕೈ ಮಾಡಿ ಕರೆದೆ. ಅವನು ಗೋರ್ಗಿಯ ಸುತ್ತ ಒಂದು ಸುತ್ತು ಬಂದ. ಚಿಪ್ಪಿನ ಮೇಲೆ ಬೆರಳಿಂದ ಬಡಿದ.

"ಚುಚ್ಚೋಕೆ ಚರ್ಮ ಎಲ್ಲಿದೆ ತಾಯಿ? ಇದಕ್ಕೆ ಸೂಜಿ ಅಲ್ಲ, ಡ್ರಿಲ್ಲು ಬೇಕು." ಆಮೇಲೆ ದನಿ ಇಳಿಸಿದ. "ಸತ್ರೆ ನಂಗೆ ಹೇಳು. ಇದರ ಕೊಬ್ಬು ಕೇಳೋರಿದ್ದಾರೆ."

ಅವನನ್ನು ಕಳಿಸಿದೆ. ಬಿರಾನ್‌ನ ಫೋನು ತೆಗೆದುಕೊಂಡೆ. ಸಾಂಬು ಕುದುರೆ, ದನಗಳ ಡಾಕ್ಟರು. ನಮ್ಮ ಕುದುರೆಯ ಕಾಲು ನೋಡುವವನು ಅವನೇ. ಅವನು ಜೋಲಾ, ನಾವು ಸೆರೇರ್. ಈ ಎರಡು ಬುಡಕಟ್ಟಿಗೂ ಹಳೆಯ ನಂಟು. ಸಿಕ್ಕಲ್ಲಿ ಒಬ್ಬರು ಇನ್ನೊಬ್ಬರನ್ನು ಗುಲಾಮ ಎನ್ನಬೇಕು, ಬೈಯಬೇಕು. ಕೋಪ ಮಾಡಿಕೊಳ್ಳುವ ಹಾಗಿಲ್ಲ. ಕೇಳಿದ್ದನ್ನು ಇಲ್ಲ ಎನ್ನುವ ಹಾಗೂ ಇಲ್ಲ. ಬಿರಾನ್, ಸಾಂಬು ಇಬ್ಬರೂ ಸೇರಿದರೆ ಅರ್ಧ ಗಂಟೆ ಬೈಗುಳ, ಕಾಲು ಗಂಟೆ ಕುದುರೆ.

ಫೋನು ಎತ್ತಿದವನೇ ಕೂಗಿದ: "ಏ ಗುಲಾಮ! ಬದುಕಿದ್ಯಾ? ಯಜಮಾನನ ನೆನಪು ಈಗ ಬಂತಾ?"

ಅವನು ಇನ್ನೂ ನಗುತ್ತಿದ್ದ. ನಾನು ಫೋನು ಆರಿಸಿಬಿಟ್ಟೆ. ಮತ್ತೆ ಮಾಡುವ ಧೈರ್ಯ ಬರಲಿಲ್ಲ. ಹಾಗೇ ಇನ್ನೂ ಐದು ದಿನ ಹೋಯಿತು.

ಇಪ್ಪತ್ತನೆಯ ದಿನ ಬೆಳಗ್ಗೆ ಶಬ್ದ ನಿಂತಿತ್ತು. ಗೋರ್ಗಿ ಕತ್ತನ್ನು ಒಳಗೆ ಎಳೆದುಕೊಳ್ಳದೆ ನೆಲದ ಮೇಲೆ ಚೆಲ್ಲಿ ಮಲಗಿತ್ತು. ಕಣ್ಣು ಮುಟ್ಟಿದರೆ ಮುಚ್ಚಿತು. ಅಷ್ಟು ಜೀವ ಇತ್ತು.

ನಾನು ಬೀದಿಯ ಹೆಂಗಸೊಬ್ಬಳ ಕೈಲಿ ಇಮಾಮರಿಗೆ ಹೇಳಿ ಕಳಿಸಿದೆ. ಮುದುಕರು ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತರು.

"ಹಗಲು ಹೊತ್ತಲ್ಲಿ ನಾನು ಒಂದು ಸಲ ಹೊರಗೆ ಹೋಗಬಹುದಾ?" ಎಂದು ಕೇಳಿದೆ.

"ಅಗತ್ಯ ಇದ್ರೆ ಹೋಗು ಮಗಳೇ. ಸೂರ್ಯ ಮುಳುಗೋ ಮುಂಚೆ ಮನೆ ಸೇರಬೇಕು. ಏನು ಅಗತ್ಯ?"

"ಔಷಧಿ."

"ಹಾಗಾದ್ರೆ ಹೋಗು."

ಯಾರಿಗೆ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ಯಾಂದೆ ಮಾರ್ಕೆಟ್ಟಿಗೆ ಹೋಗುವವರೆಗೆ ಕಾದೆ. ಗಾಡಿ ಕಟ್ಟಿದೆ. ನಾನು ಗಾಡಿ ಕಟ್ಟಿದವಳಲ್ಲ, ಕಟ್ಟುವುದನ್ನು ನೋಡಿದವಳು. ಉಪ್ಪಿನ ಮೂಟೆ ಏರಿಸುವ ಹಲಗೆ ಇಳಿಸಿ, ಗೋರ್ಗಿಯನ್ನು ಗೋಣಿಯ ಮೇಲೆ ಎಳೆದು, ಹಲಗೆಯ ಮೇಲೆ ತಳ್ಳಿ ಹತ್ತಿಸಿದೆ. ಇನ್ನೊಂದು ಗೋಣಿ ಹೊದಿಸಿದೆ. ಮಧ್ಯಾಹ್ನದ ನಮಾಜು ಮುಗಿದಿತ್ತು. ಊರಿನ ಆ ತುದಿಗೆ ಹೋಗಿ ಬರಬೇಕು.

ಬಿಳಿ ಬಟ್ಟೆಯ ವಿಧವೆ ಗಾಡಿ ಹೊಡೆಯುವುದನ್ನು ಜನ ನಿಂತು ನೋಡಿದರು. ಯಾರೋ "ಅಯ್ಯೋ ದೇವರೇ" ಎಂದರು. ನಾನು ತಲೆ ತಿರುಗಿಸಲಿಲ್ಲ. ಕುದುರೆ ಮಾತ್ರ ನನ್ನ ಮಾತು ಕೇಳಲಿಲ್ಲ. ದೊಡ್ಡ ರಸ್ತೆಗೆ ಬಂದದ್ದೇ ತನ್ನ ಪಾಡಿಗೆ ಎಡಕ್ಕೆ ತಿರುಗಿ ಉಪ್ಪಿನ ಕೋಠಿಯ ಗೇಟಿಗೆ ಹೋಗಿ ನಿಂತುಬಿಟ್ಟಿತು. ಹಗ್ಗ ಎಳೆದೆ. ಬೈದೆ. ಬಾಲ ಅಲ್ಲಾಡಿಸಿತು. ನೆರಳಲ್ಲಿ ಕೂತಿದ್ದ ಹಮಾಲಿಗಳು ಗಾಡಿ ನೋಡಿ ಎದ್ದರು. ನನ್ನನ್ನು ನೋಡಿ ಹಾಗೇ ನಿಂತರು. ಒಬ್ಬ ಮುದುಕ ಬಂದು ಲಗಾಮು ಹಿಡಿದು ಕುದುರೆಯನ್ನು ತಿರುಗಿಸಿದ. ಗೋಣಿ ನೋಡಿದ.

"ಏನಮ್ಮ ಅದು?"

"ಗೋರ್ಗಿ."

"ಇನ್ನೂ ಇದೆಯಾ?"

"ಗೊತ್ತಿಲ್ಲ. ಬಿಡು, ಹೊತ್ತಾಯ್ತು."

ಅವನು ತಿರುವಿನವರೆಗೆ ನಡೆದು ಬಂದು ಬಿಟ್ಟುಕೊಟ್ಟ. ಅಲ್ಲಿಂದ ಮುಂದೆ ಆಸ್ಪತ್ರೆಯ ಗೋಡೆ. ಮನುಷ್ಯರ ಆಸ್ಪತ್ರೆ. ನಮ್ಮ ಮನೆಯಿಂದ ಗಾಡಿಯಲ್ಲಿ ಇಪ್ಪತ್ತು ನಿಮಿಷ. ಗೇಟು ತೆರೆದಿತ್ತು, ಹೆಂಗಸರು ಕೈಯಲ್ಲಿ ಊಟದ ಡಬ್ಬಿ ಹಿಡಿದು ಒಳಗೆ ಹೋಗುತ್ತಿದ್ದರು. ನಾನು ಕುದುರೆಯ ಕಿವಿಯನ್ನೇ ನೋಡುತ್ತ ದಾಟಿದೆ.

ದನದ ಸಂತೆಯ ಹತ್ತಿರ ಸಾಂಬುವಿನ ಮನೆ. ಅವನ ಜೀಪು ಆಗಲೇ ಹೊರಡುತ್ತಿತ್ತು. ಹಿಂದೆ ಲಸಿಕೆಯ ಐಸ್ ಪೆಟ್ಟಿಗೆಗಳನ್ನು ಕಟ್ಟಿದ್ದರು. ಹಳ್ಳಿಗಳಿಗೆ ಹೋದರೆ ಅವನು ವಾರ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಗಾಡಿಯನ್ನು ಜೀಪಿನ ಎದುರಿಗೆ ಅಡ್ಡ ಹಾಕಿದೆ. ಹಾರ್ನ್ ಹೊಡೆದ. ಬೀದಿ ತುಂಬ ಜನ. ಇಪ್ಪತ್ತು ದಿನದಿಂದ ಪಿಸುದನಿಯಲ್ಲಿ ಮಾತಾಡಿದ ಬಾಯಿ ನನ್ನದು.

"ಏ ಸಾಂಬು! ಅನ್ನಬಾಕ! ನಿಲ್ಲಿಸೋ ಗಾಡೀನ! ನಿನ್ನ ಯಜಮಾನಿ ಬಂದಿರೋದು ಕಾಣ್ಸೋದಿಲ್ವಾ?"

ಜೀಪಿನಿಂದ ತಲೆ ಹೊರಗೆ ಬಂತು. "ಯಾರೇ ಅದು? ಸೆರೇರ್ ಗುಲಾಮರ ಕೈಗೆ ಯಾವಾಗ ಕುದುರೆ ಕೊಟ್ಟೆವು ನಾವು?" ನಗುತ್ತ ಇಳಿದ. ಕುದುರೆಯನ್ನು ಗುರುತು ಹಿಡಿದ. ಆಮೇಲೆ ನನ್ನ ಬಟ್ಟೆ ನೋಡಿದ.

"ಬಿರಾನಾ?"

"ಇಪ್ಪತ್ತು ದಿನ ಆಯ್ತು."

ಅವನು ಕುದುರೆಯ ಕತ್ತಿನ ಮೇಲೆ ಕೈಯಿಟ್ಟು ನಿಂತ. "ನನ್ನನ್ನ ಒಂದು ಮಾತು ಕೇಳ್ದೆ ಹೋದ್ನಾ? ಎಂಥ ಗುಲಾಮ ಅವನು? ಯಜಮಾನನ ಅಪ್ಪಣೆ ಇಲ್ದೆ..." ನನಗೆ ನಗು ಬಂತು. ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡೆ.

"ಅವತ್ತು ಫೋನ್ ಮಾಡಿ ಸುಮ್ನಿದ್ದೋಳು ನೀನೇನಾ?"

"ಹೂಂ."

ನಾನು ಗೋಣಿ ತೆಗೆದೆ. ಅವನು ನೋಡಿ ಹಿಂದೆ ಸರಿದ.

"ತಂಗೀ, ನಾನು ಆಮೆ ನೋಡ್ದೋನಲ್ಲ. ಓದುವಾಗ ಪುಸ್ತಕದಲ್ಲಿ ಒಂದು ಪುಟ ಇತ್ತು. ಪರೀಕ್ಷೆಗೆ ಬರಲ್ಲ ಅಂತ ಬಿಟ್ಟುಬಿಟ್ಟೆ."

"ಈಗ ಬಂದಿದೆ. ಬರಿ."

"ಕೊಂದುಬಿಟ್ರೆ?"

"ಇಲ್ಲ ಅನ್ನೋಕೆ ನಿನಗೆ ಹಕ್ಕಿಲ್ಲ ಸಾಂಬು. ನೀನು ನಮ್ಮ ಗುಲಾಮ."

ಅವನು ಜೀಪಿನ ಎಂಜಿನ್ ಆರಿಸಿದ. ಇಬ್ಬರೂ ಸೇರಿ ಗೋರ್ಗಿಯನ್ನು ಇಳಿಸಿ ಜಗಲಿಯ ಮೇಲೆ ಇಟ್ಟೆವು. ಮೂಗು ನೋಡಿದ, ಬಾಯಿ ಬಿಡಿಸಿ ನೋಡಿದ, ಎದೆಬಡಿತ ಕೇಳುವ ಕೊಳವೆ ಇಟ್ಟು ಏನೂ ಕೇಳಿಸದೆ ತೆಗೆದ. ಕಡೆಗೆ ಚಿಪ್ಪನ್ನು ಒಂದು ಪಕ್ಕಕ್ಕೆ ಎತ್ತಿ, ಹಿಂಗಾಲಿನ ಮುಂದಿನ ಮೆತ್ತನೆಯ ಗುಳಿಯಲ್ಲಿ ಎರಡು ಬೆರಳು ಇಳಿಸಿದ. ಅಲ್ಲಾಡದೆ ನಿಂತ.

"ಏನು ಹೆಸರು ಇದರದ್ದು?"

"ಗೋರ್ಗಿ."

"ಗೋರ್ಗಿ! ಅಯ್ಯೋ ಪೆದ್ದಿ, ಇದು ಹೆಂಗಸು. ಬಾ ಇಲ್ಲಿ. ಬೆರಳು ಕೊಡು."

ನನ್ನ ಬೆರಳು ಹಿಡಿದು ಗುಳಿಯೊಳಗೆ ಒತ್ತಿದ. ಒಳಗೆ ಗಟ್ಟಿಯಾಗಿ, ಗುಂಡಗೆ, ನಿಂಬೆಹಣ್ಣಿನ ಹಾಗೆ. ಒಂದರ ಪಕ್ಕ ಒಂದು.

"ಮೊಟ್ಟೆ," ಎಂದ. "ಹೊಟ್ಟೆ ತುಂಬ. ಎಷ್ಟು ದಿನದಿಂದ ತಿಂದಿಲ್ಲ?"

"ಇಪ್ಪತ್ತಾರು."

"ಹಿಂಗಾಲಲ್ಲಿ ಕೆರೀತಿತ್ತಾ?"

"ಹೂಂ."

"ನೆಲ ಎಂಥದು ನಿಮ್ಮನೇಲಿ?"

"ಸಿಮೆಂಟು. ಹೋದ ಬೇಸಿಗೆಯಲ್ಲಿ ಹಾಕಿಸಿದ. ಧೂಳು ಗುಡಿಸಿ ಸಾಕಾಯ್ತು ಅಂತ ನಾನೇ ಜಗಳ ಮಾಡಿದ್ದೆ."

ಅವನು ಮಂಡಿಯ ಮೇಲೆ ಕೂತ. "ಮೊಟ್ಟೆ ಇಡೋಕೆ ಮಣ್ಣು ಹುಡುಕ್ತಿತ್ತು ಕಣಮ್ಮ. ಸಿಗ್ಲಿಲ್ಲ. ಒಳಗೇ ಹಿಡ್ಕೊಂಡಿದೆ."

ನಾನು ಬೆರಳನ್ನು ಗುಳಿಯಿಂದ ತೆಗೆದೆ. ಆಮೇಲೆ ಕೇಳಿದೆ. ಕೇಳಲೇಬೇಕಿತ್ತು.

"ಹಾಗಾದ್ರೆ ಬಿರಾನ್ ಕಾಯಿಲೆ? ಇದು ತಗೊಂಡಿರ್ಲಿಲ್ವಾ?"

ಅವನೂ ಇದೇ ಸೀಮೆಯಲ್ಲಿ ಬೆಳೆದವನು. ಏನು ಕೇಳುತ್ತಿದ್ದೇನೆ ಎಂದು ಅವನಿಗೆ ಅರ್ಥವಾಯಿತು. ತಮಾಷೆ ಮಾಡಲಿಲ್ಲ.

"ಬಿರಾನ್ ಕಾಯಿಲೆ ಬಿರಾನ್ ಹತ್ರನೇ ಇತ್ತು," ಎಂದ.

"ಜ್ವರ ಇಳಿದಿತ್ತು."

"ನಾನು ಮನುಷ್ಯರ ಡಾಕ್ಟರ್ ಅಲ್ಲ ದಿಬೋರ್."

ಅಷ್ಟೇ. ಅವನು ಎದ್ದು ಹೋಗಿ ರಾಜಧಾನಿಯಲ್ಲಿರುವ ತನ್ನ ಜೊತೆ ಓದಿದವನಿಗೆ ಫೋನು ಮಾಡಿದ. ಆ ಪುಟವನ್ನು ಅವನಾದರೂ ಓದಿದ್ದನಂತೆ. ಎದುರಿನ ಕಡಲೆಕಾಯಿ ವ್ಯಾಪಾರಿಯ ತಕ್ಕಡಿಯ ಮೇಲೆ ಗೋರ್ಗಿಯನ್ನು ತೂಗಿದೆವು. ಮೂವತ್ತೊಂದು ಕಿಲೋ. ವ್ಯಾಪಾರಿ "ಸಿಪ್ಪೆ ಸಮೇತ ತೂಗಿದ್ರೆ ಮೋಸ" ಎಂದ, ಯಾರೂ ನಗಲಿಲ್ಲ. ಸಾಂಬು ಮುಂಗಾಲಿನ ಬುಡದ ಚರ್ಮಕ್ಕೆ ಸುಣ್ಣದಂಶದ ಸೂಜಿ ಚುಚ್ಚಿದ. ಉಗುರುಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಕೂರಿಸಿದ. ನೆರಳು ಜಗಲಿಯ ಮೇಲೆ ಹತ್ತುತ್ತಿತ್ತು. ನಾನು ನೆರಳನ್ನೂ ಗೋರ್ಗಿಯನ್ನೂ ನೋಡುತ್ತ ನಿಂತೆ. ನೀರಿನಲ್ಲಿ ಅವಳು ಕತ್ತು ಎತ್ತಿ ಎರಡು ಗುಟುಕು ಕುಡಿದಳು.

ಸಾಂಬು ಇನ್ನೊಂದು ಸೂಜಿಗೆ ಔಷಧಿ ತುಂಬಿ, ಮುಚ್ಚಿ, ನನ್ನ ಕೈಯಲ್ಲಿಟ್ಟ.

"ಇದು ಹೆರಿಗೆ ಮಾಡ್ಸೋದು. ಹಸುಗೆ ಕೊಡ್ತೀವಿ. ಮಣ್ಣಿಲ್ದೆ ಈಗ್ಲೇ ಕೊಟ್ರೆ ಒಳಗೇ ಒಡೆದು ಸಾಯ್ತಾಳೆ. ನಾಳೆ ಬೆಳಗ್ಗೆ ಮೊಣಕೈ ಆಳ ಮೆತ್ತನೆ ಮಣ್ಣು ಮಾಡು, ಆಮೇಲೆ ಚುಚ್ಚು. ನಾಳೆಗಿಂತ ತಡ ಆಗ್ಬಾರ್ದು."

"ನಾನಾ?"

"ನಾನು ನಾಳೆ ಎಂಬತ್ತು ಮೈಲಿ ಆಚೆ ಇರ್ತೀನಿ. ಎಲ್ಲಿ ಚುಚ್ಚಬೇಕು ತೋರಿಸು."

ತೋರಿಸಿದೆ. ತಪ್ಪು. ಮತ್ತೆ ತೋರಿಸಿದೆ.

ಮನೆ ಮುಟ್ಟುವಾಗ ಸೂರ್ಯ ಮಸೀದಿಯ ತುದಿಯಲ್ಲಿದ್ದ. ಯಾಂದೆ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಬೀದಿಯೆಲ್ಲ ಕೇಳುವ ಹಾಗೆ ಬೈದಳು. ನನ್ನ ತಮ್ಮನ ಗೋರಿಯ ಮಣ್ಣು ಒಣಗಿಲ್ಲ ಎಂದಳು. ನಾನು ಗೋರ್ಗಿಯನ್ನು ಇಳಿಸಿದೆ, ಕುದುರೆ ಬಿಚ್ಚಿದೆ, ಸೂಜಿಯನ್ನು ನೀರಿನ ಮಡಕೆಯ ಬುಡದಲ್ಲಿ ತಂಪಿಗೆ ಇಟ್ಟೆ, ಒಳಗೆ ಹೋದೆ.

ಬೆಳಗ್ಗೆ ನಮಾಜು ಮುಗಿಸಿ ಹಾರೆ ಹಿಡಿದೆ. ಮೊದಲನೆಯ ಏಟಿಗೇ ಯಾಂದೆ ಓಡಿ ಬಂದಳು.

"ಹುಚ್ಚು ಹಿಡಿದಿದ್ಯೇನೇ ನಿಂಗೆ? ಅವನು ಹಾಕ್ಸಿದ ನೆಲ ಅದು!"

"ಗೋರ್ಗಿ ಒಳಗೆ ಅವನ ಸಾವು ಇಲ್ಲ ಅಕ್ಕ. ಮೊಟ್ಟೆ ಇದೆ."

"ಏನಂದೆ?"

"ಮೊಟ್ಟೆ. ಅದಕ್ಕೆ ಊಟ ಬಿಟ್ಟಿತ್ತು. ಅವನ ಕಾಯಿಲೆ ಅವನ ಹತ್ರನೇ ಇತ್ತು. ನಾವು ಕಾಯ್ತಾ ಕೂತಿದ್ವಿ."

ನಾನು ಹಾರೆ ಎತ್ತಿ ಹಾಕಿದೆ. ಮತ್ತೆ ಹಾಕಿದೆ. ಅವಳು ಹೋಗುತ್ತಾಳೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ನನ್ನ ಪಕ್ಕದಲ್ಲಿ ಬೋಗುಣಿ ಇಟ್ಟ ಸದ್ದಾಯಿತು. ಒಡೆದ ಸಿಮೆಂಟನ್ನು ಕೈಯಿಂದ ಆರಿಸಿ ತುಂಬುತ್ತಿದ್ದಳು. ಅಳುತ್ತಿದ್ದಳೋ ಏನೋ, ನಾನು ಮುಖ ನೋಡಲಿಲ್ಲ. ನನ್ನ ಮುಖವನ್ನು ಅವಳೂ ನೋಡಲಿಲ್ಲ.

ಕೆಳಗೆ ಮರಳುಮಣ್ಣು ಇತ್ತು. ಮಂಚದಷ್ಟು ಅಗಲ ಅಗೆದೆವು. ನೀರು ಚಿಮುಕಿಸಿದೆವು. ಸೂಜಿಯ ಮುಚ್ಚಳ ತೆಗೆದು, ಸಾಂಬು ಹೇಳಿದ ಜಾಗ ಹುಡುಕಿದೆ. ಯಾಂದೆ ಗೋರ್ಗಿಯ ಮುಂಗಾಲು ಎಳೆದು ಎರಡು ಕೈಯಲ್ಲೂ ಒತ್ತಿ ಹಿಡಿದಳು.

"ಚುಚ್ಚು," ಎಂದಳು. "ಯೋಚ್ನೆ ಮಾಡ್ಬೇಡ. ನಾವು ಯೋಚ್ನೆ ಮಾಡಿದ್ದು ಸಾಕು."

ಚುಚ್ಚಿದೆ.

ಮಣ್ಣಿನ ಮೇಲೆ ಗೋರ್ಗಿ ಕಲ್ಲಿನ ಹಾಗೆ ಕೂತಳು. ಬಿಸಿಲು ಏರಿತು. ಏನೂ ಇಲ್ಲ. ಒಂದು ಸಲ ಬಾಯಿ ತೆರೆದು ಬುಸ್ ಎಂದಳು, ಮತ್ತೆ ಏನೂ ಇಲ್ಲ. ಜಾಸ್ತಿ ಆಯಿತೇ, ಕಡಿಮೆ ಆಯಿತೇ, ಸರಿಯಾದ ಜಾಗಕ್ಕೆ ಹೋಯಿತೇ. ಯಾಂದೆ ಅಡಿಗೆ ಮಾಡಲಿಲ್ಲ. ಅವಳ ಸೊಸೆ ಬಂದು ಕರೆದರೆ ಗದರಿಸಿ ಕಳಿಸಿದಳು. ಮಧ್ಯಾಹ್ನದ ಅಜಾನ್ ಆದ ಮೇಲೆ ಗೋರ್ಗಿ ಎದ್ದಳು. ಮೂತಿಯನ್ನು ಮಣ್ಣಿಗೆ ಹಚ್ಚಿ ನಡೆದಳು. ಗೋಡೆಯ ಕಡೆಗೆ ಬೆನ್ನು ಮಾಡಿ ತಿರುಗಿದಳು. ಒಂದು ಹಿಂಗಾಲು, ಆಮೇಲೆ ಇನ್ನೊಂದು. ಈ ಸಲ ಪರ್ ಎನ್ನಲಿಲ್ಲ. ಮಣ್ಣು ಎದ್ದು ಬಂತು.

ಸಂಜೆಯ ಹೊತ್ತಿಗೆ ಇಪ್ಪತ್ತೆರಡು. ಎರಡು ಒಡೆದಿದ್ದವು. ಗಂಡಿಲ್ಲದ ಮೊಟ್ಟೆ, ಮರಿ ಆಗುವುದಿಲ್ಲ ಎಂದು ಸಾಂಬು ಮೊದಲೇ ಹೇಳಿದ್ದ. ಅವಳಿಗೆ ಅದು ಗೊತ್ತಿಲ್ಲ. ಹಿಂಗಾಲಿಂದ ಮಣ್ಣು ಎಳೆದು ಮುಚ್ಚಿ, ಹೊಟ್ಟೆಯಿಂದ ಒತ್ತಿ ಒತ್ತಿ ಸಮ ಮಾಡಿದಳು. ಮೂರನೆಯ ದಿನ ಕಡಲೆಬಳ್ಳಿ ಕಚ್ಚಿದಳು. ಹೆಸರನ್ನು ನಾವು ಬದಲಾಯಿಸಲಿಲ್ಲ.

ನನ್ನ ನಾಲ್ಕು ತಿಂಗಳು ಹತ್ತು ದಿನ ಮುಗಿಯಿತು. ಆ ಬುಧವಾರದ ಬಗ್ಗೆ ಯಾಂದೆ, ನಾನು ಮತ್ತೆ ಮಾತಾಡಿಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಾದರೂ ಮಗುವಿಗೆ ಕೆಮ್ಮು ಬಂದು, ಆಮೆಯ ಪಕ್ಕ ಮಲಗಿಸುತ್ತೇವೆ ಎಂದರೆ ಅವಳು ಆ ಮನೆಗೆ ಹೋಗಿ ಬೈಯುತ್ತಾಳೆ. ಮಗುವನ್ನು ಎತ್ತಿ ನನ್ನ ಗಾಡಿಯಲ್ಲಿ ಕೂರಿಸುತ್ತಾಳೆ. ನಾನು ಆಸ್ಪತ್ರೆಗೆ ಹೊಡೆಯುತ್ತೇನೆ.

ಚಳಿಗಾಲದಲ್ಲಿ ಗೋರ್ಗಿ ಮತ್ತೆ ಮೊಟ್ಟೆ ಇಡಬಹುದು, ಯಾವಾಗ ಎಂದು ಹೇಳಲಾಗದು, ಮಣ್ಣು ಯಾವಾಗಲೂ ಸಡಿಲ ಇರಬೇಕು ಎಂದ ಸಾಂಬು. ಇಲ್ಲಿನ ಗಾಳಿಗೆ, ಉಪ್ಪಿಗೆ, ಒಂದೇ ದಿನದಲ್ಲಿ ಮಣ್ಣು ಹೆಪ್ಪುಗಟ್ಟುತ್ತದೆ. ಬೆಳಗ್ಗೆ ನಮಾಜು ಮುಗಿಸಿ, ಕುದುರೆಗೆ ನೀರಿಡುವ ಮುಂಚೆ, ಗುದ್ದಲಿ ತೆಗೆದುಕೊಂಡು ಆ ಮಂಚದಗಲ ಜಾಗವನ್ನು ಕೆದಕುತ್ತೇನೆ. ಗಂಟುಗಳನ್ನು ಕೈಯಲ್ಲಿ ಪುಡಿ ಮಾಡುತ್ತೇನೆ. ಎರಡು ಚೊಂಬು ನೀರು ಚಿಮುಕಿಸುತ್ತೇನೆ. ಮೊಣಕೈವರೆಗೆ ಕೈ ಇಳಿಸಿ ನೋಡುತ್ತೇನೆ.